ಗಾಜಿನ ಬೀರುವಿನ ಹವಳ

ಲೋಕೇಶ್ವರಿಗೆ ತೂತುಕುಡಿಯ ಕಡಲಿನಲ್ಲಿ ಕೆಲಸ. ಸತ್ತು ಬೆಳ್ಳಗಾದ ಹವಳದ ದಿಬ್ಬಗಳಲ್ಲಿ ಜೀವಂತ ಹವಳದ ತುಂಡುಗಳನ್ನು ಕಟ್ಟಿ ಬೆಳೆಸುತ್ತಿದ್ದಳು. 2006ರ ಬೇಸಿಗೆಯಲ್ಲಿ ತನ್ನೂರು ತಿಗನಾರೆಗೆ ಬಂದವಳು, ಅಪ್ಪ ನಂಜಯ್ಯನ ಜೊತೆ ತಾಳವಾಡಿಗೆ ಗಂಡಿನ ಮನೆ ನೋಡಲು ಹೋದಳು.

ಪಡಸಾಲೆಯ ಗಾಜಿನ ಬೀರುವಿನಲ್ಲಿ, ಗೊಂಬೆಗಳ ನಡುವೆ, ಮೊರದಗಲದ ಹವಳವಿತ್ತು. ಅದಕ್ಕೆ ಗುಲಾಬಿ ಬಣ್ಣ ಬಳಿದಿದ್ದರು.

"ಕಡಲ ಕಲ್ಲು ಕಣವ್ವ," ಎಂದಳು ಗಂಡಿನ ತಾಯಿ ಹೆಮ್ಮೆಯಿಂದ. "ರಾಮೇಸ್ವರಕ್ಕೆ ಓದಾಗ ನಮ್ಮ ಶಿವಶಂಕರನೇ ನೀರಿಗಿಳ್ದು ಮೀಟಿ ತಂದ. ಸತ್ತ ಇಲಿಯಂಗೆ ನಾರ್ತಿತ್ತು. ಬ್ಲೀಚಿಂಗ್ ಪೌಡರ್ ಆಕಿ ಉಜ್ಜಿದ್ರೆ ಲೋಳೆ ಲೋಳೆಯಾಗಿ ಸುರೀತು!"

ಲೋಕೇಶ್ವರಿ ಬಾಯಲ್ಲಿದ್ದ ಕೇಸರಿಬಾತನ್ನು ದವಡೆಗೆ ಒತ್ತಿಕೊಂಡಳು. "ಆ ಲೋಳೆಯೇ ಅದ್ರ ಜೀವ, ಅತ್ತೆ. ಇಷ್ಟಗಲ ಆಗಕ್ಕೆ ನಿಮ್ಮ ಮಗನ ವಯಸ್ಸಿನಷ್ಟು ವರ್ಷವಾದ್ರೂ ಬೇಕು."

ಶಿವಶಂಕರ ನಕ್ಕ. "ಅಲ್ಲೇನು ಬರವಾ? ಮದ್ವೆ ಆದ್ಮೇಲೆ ಓಗವ, ಇನ್ನೂ ದೊಡ್ಡದು ಕಿತ್ಕೊಡ್ತೀನಿ."

ಅವಳು ಹೊರಗೆ ಹೋಗಿ ಬಾಯಲ್ಲಿದ್ದುದನ್ನು ಬೇಲಿಯ ಬುಡದಲ್ಲಿ ಉಗಿದಳು.

ಹಿಂದೆಯೇ ಬಂದ ನಂಜಯ್ಯ ಗದರಿದ. "ಒಂದು ಕಲ್ಲಿಗೋಸ್ಕರ ಸಂಬಂಧ ಬುಡ್ತೀಯಾ?"

"ಅವ್ನ ನಗುವ ನೋಡಿದ್ಯಾ ಅಪ್ಪ? ವಾಕರಿಕೆ ಬತ್ತದೆ. ಆ ಕೈಲಿ ತಾಳಿ ಕಟ್ಟಿಸ್ಕಳಲ್ಲ ನಾನು."

ನಂಜಯ್ಯ ಮಗಳ ಮುಖವನ್ನೇ ನೋಡಿದ. ಆಮೇಲೆ ಒಳಗೆ ಹೋಗಿ, ತಾಂಬೂಲದ ತಟ್ಟೆಯನ್ನು ಮುಟ್ಟದೆ, ತನ್ನ ಟವೆಲ್ಲನ್ನಷ್ಟೇ ಎತ್ತಿಕೊಂಡು ಬಂದ.