ಗಡಿಬಿಡಿ ನಿಂತ ಹೊತ್ತು

೧

ಎಲ್ಲಿಂದ ಶುರು ಮಾಡಲಿ? ಧ್ವನಿವರ್ಧಕದಿಂದ ಶುರು ಮಾಡಿದರೆ ನನ್ನ ಎದೆ ಧಸಕ್ಕೆಂದ ಹಾಗೆ ನಿಮ್ಮ ಎದೆಯೂ ಧಸಕ್ಕೆನ್ನುತ್ತದೆ, ಪುಟ ತಿರುವುತ್ತೀರಿ. ಅದು ಕಸುಬಿನ ಬುದ್ಧಿ. ತೊಂದರೆ ಏನೆಂದರೆ ಈ ಕಥೆಯ ನಾಯಕಿ ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಊಟದ ಮೇಜಿನ ಆಚೆ ಬದಿಯಲ್ಲಿ ಕೂತು ನಾನು ಬರೆದ ಹಾಳೆಗಳನ್ನು ಒಂದೊಂದಾಗಿ ಎಳೆದುಕೊಂಡು ಓದುತ್ತಿದ್ದಾರೆ. ಮೊದಲ ಡ್ರಾಫ್ಟಿನಲ್ಲಿ ಎರಡನೇ ಪ್ಯಾರಾಕ್ಕೇ ಅವರನ್ನು ಕುದುರೆಯಿಂದ ಬೀಳಿಸಿದ್ದೆ.

“ನಾನು ಅಲ್ಲಿ ಬೀಳ್ಲೇ ಇಲ್ವಲ್ಲೇ.”

“ಕಥೆಗೆ ಬೇಕು ಅತ್ತಿಗೆ.”

“ಕಥೆಗೆ ಬೇಕಿದ್ರೆ ನೀನೇ ಬೀಳು.”

ಆ ಡ್ರಾಫ್ಟ್ ಹರಿದೆ. (ಹರಿದವರು ಅವರು. ನಾನು ನೋಡುತ್ತಿದ್ದೆ. ‘ಅಲ್ಲಿ’ ಬೀಳಲಿಲ್ಲವಾದರೆ ಇನ್ನೆಲ್ಲಿ ಎಂದು ನೀವು ಈಗಲೇ ಕೇಳಬಾರದು.)

೨

ಅತ್ತಿಗೆ ಹಲ್ಲಿನ ಡಾಕ್ಟರು. ಹಗಲೆಲ್ಲ ಜನರ ಬಾಯಿ ತೆರೆಸಿ, ತಾವು ತುಟಿ ಪಿಟಕ್ಕೆನ್ನದೆ ಕೆಲಸ ಮಾಡುವವರು. ಕುದುರೆ ಕಂದು ಬಣ್ಣದ್ದು, ರೇಸಿಗೆ ಆಗಿಬರಲಿಲ್ಲವೆಂದು ಇವರ ಕೈಗೆ ಬಂದದ್ದು. ಕಾಗದದಲ್ಲಿ ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿದೆ. ಮನೆಯಲ್ಲಿ ಕರೆಯುವುದು ಗಡಿಬಿಡಿ ಎಂದು. ಪ್ಲಾಸ್ಟಿಕ್ ಚೀಲ ಹಾರಿದರೆ ಅದು ಬೆಚ್ಚುತ್ತದೆ. ಚೀಲ ಹಾರದೆ ಸುಮ್ಮನೆ ಬಿದ್ದಿದ್ದರೆ ಇನ್ನೂ ಹೆಚ್ಚು ಬೆಚ್ಚುತ್ತದೆ.

“ಅದು ಅಲ್ಲ, ಅವಳು,” ಎಂದರು ಅತ್ತಿಗೆ.

ಆಗಲಿ. ಇನ್ನು ಮುಂದೆ ‘ಅವಳು’ ಅಂದರೆ ಕುದುರೆ, ‘ಅವರು’ ಅಂದರೆ ಅತ್ತಿಗೆ. ವ್ಯಾಕರಣ ಇಷ್ಟು ಉಪಯೋಗಕ್ಕೆ ಬಂದದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು.

ಕಳೆದ ಸೀಸನ್ನಿನ ಕೊನೆಯ ಪಂದ್ಯದಲ್ಲಿ ನೀರಿನ ಹೊಂಡದ ಅಂಚಿಗೆ ಬಂದು ಅವಳು ಗಕ್ಕನೆ ನಿಂತಳು, ಅವರು ನಿಲ್ಲಲಿಲ್ಲ. ತಲೆಗೆ ಪೆಟ್ಟಾಯಿತು. ಕಣ್ಣು ಬಿಟ್ಟಾಗ ಮೇಲೆ ಬಾಗಿ ನಿಂತಿದ್ದ ಅಣ್ಣನ ಮುಖ ನೋಡಿ, “ನೆಕ್ಸ್ಟ್ ಪೇಷಂಟ್ ಕಳ್ಸಿ” ಎಂದರು. ಸುತ್ತ ಇದ್ದವರು ನಕ್ಕರು. ಅಣ್ಣ ನಗಲಿಲ್ಲ. ಗಂಡನ ಗುರುತು ಹತ್ತಲು ಅವರಿಗೆ ಸಂಜೆಯಾಯಿತು.

ಆಮೇಲೆ ಅಣ್ಣ ಆ ಮಾತು ಎತ್ತಿದ್ದೇ ಇಲ್ಲ. ಈ ಸೀಸನ್ನಿನ ಮೊದಲ ಪಂದ್ಯಕ್ಕೆ ಹೋಗುತ್ತೇನೆ ಎಂದು ಅತ್ತಿಗೆ ಹೇಳಿದ ದಿನ, “ಕುದುರೆ ಲಾರಿ ನಾನೇ ಓಡಿಸ್ತೀನಿ” ಎಂದ, ಅಷ್ಟೆ. ಅದು ಒಪ್ಪಿಗೆಯೋ ಜಗಳವೋ ಯಾರಿಗೂ ಗೊತ್ತಾಗಲಿಲ್ಲ. ಅತ್ತಿಗೆ ನನ್ನೊಬ್ಬಳನ್ನೇ ಕರೆದು ಹೇಳಿದ್ದರು: “ಈ ಸಲಾನೂ ಆಗ್ಲಿಲ್ಲಾಂದ್ರೆ ಅವಳನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ ಕಣೆ. ನಾನೂ ಬಿಟ್ಬಿಡ್ತೀನಿ.”

೩ (ಬೇಗ ಮುಗಿಸುತ್ತೇನೆ)

ಅತ್ತಿಗೆಯ ಪಂದ್ಯದ ಹೆಸರು ಇವೆಂಟಿಂಗ್. ಎಂದರೆ ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ. ಮೊದಲು ಕುದುರೆ ತೀರ್ಪುಗಾರರ ಎದುರು ಸಭ್ಯವಾಗಿ ವೃತ್ತ ಸುತ್ತಬೇಕು, ಹೇಳಿದಲ್ಲಿ ನಿಲ್ಲಬೇಕು. ಆಮೇಲೆ ಬಣ್ಣದ ಕಂಬಗಳನ್ನು ಬೀಳಿಸದೆ ಹಾರಬೇಕು. ಕೊನೆಗೆ ಕ್ರಾಸ್ ಕಂಟ್ರಿ: ಬಯಲಿನಲ್ಲಿ ಓಡುತ್ತ ದಿಮ್ಮಿ, ಹಳ್ಳ, ನೀರು ಎಲ್ಲ ದಾಟಬೇಕು. ಅಲ್ಲಿ ದಿಮ್ಮಿ ಬೀಳುವುದಿಲ್ಲ, ಬೀಳುವುದಿದ್ದರೆ ನೀವು.

ಮೊದಲನೆಯದರಲ್ಲಿ ಗಡಿಬಿಡಿ ಅಡ್ಡಡ್ಡಲಾಗಿ ಒಳಗೆ ಹೋದಳು, ತೀರ್ಪುಗಾರರನ್ನು ನೋಡಿ ಕೆನೆದಳು, ನಿಂತು ವಂದಿಸಬೇಕಾದ ಜಾಗದಲ್ಲಿ ಕುಣಿದಳು. ಅತ್ತಿಗೆ ಓಡುವ ಬಸ್ಸಿನಿಂದ ಕೈಬೀಸಿದ ಹಾಗೆ ವಂದಿಸಿದರು. ‘ಕುದುರೆಗೆ ನೆಮ್ಮದಿ ಬೇಕು’ ಎಂದು ತೀರ್ಪುಗಾರರು ಷರಾ ಬರೆದರು. ಯಾರಿಗೆ ಬೇಡ?

ಎರಡನೆಯದರಲ್ಲಿ ಒಂದು ಕಂಬ ಬಿತ್ತು. ಪರವಾಗಿಲ್ಲ.

೪

ಮೂರನೆಯದಕ್ಕೆ ಮುಂಚೆ ಅಣ್ಣ ಅತ್ತಿಗೆಯ ಜಾಕೆಟ್ಟಿನ ಕೊಂಡಿ ಹಾಕಿದ. ಬಿದ್ದರೆ ತಾನಾಗಿ ಉಬ್ಬುವ ಜಾಕೆಟ್ಟು. ಹಾಕಿದ, ಬಿಚ್ಚಿದ, ಮತ್ತೆ ಹಾಕಿದ.

“ಸಾಕು ಬಿಡ್ರೀ.”

“ಹ್ಞೂಂ.”

ತನ್ನ ಮೊಬೈಲನ್ನು ನನ್ನ ಕೈಗಿಟ್ಟು, “ಫೋಟೋ ತೆಗಿ, ನಾನು ನೋಡಲ್ಲ” ಎಂದು ಹೇಳಿ ಹೋಗಿ ಲಾರಿಯಲ್ಲಿ ಕೂತು ಗಾಜು ಏರಿಸಿಕೊಂಡ. ನನಗಂತೂ ಜೀವ ಬಾಯಿಗೆ ಬಂದಿತ್ತು. (ಬಾಯಿಗೆ ಬಂದದ್ದನ್ನು ನೋಡಿಕೊಳ್ಳಬೇಕಾದ ಡಾಕ್ಟರು ಕುದುರೆಯ ಮೇಲಿದ್ದರು.)

ನಾನು ದಿಬ್ಬದ ಮೇಲೆ ದೊಡ್ಡ ದಿಮ್ಮಿಯ ಪಕ್ಕ ನಿಂತೆ. ಅಲ್ಲಿಂದ ಕೆಳಗೆ ನೀರಿನ ಹೊಂಡ ಕಾಣುತ್ತಿತ್ತು, ಅದರಾಚೆ ಲಾರಿಗಳ ಸಾಲು. ಬಾವುಟ ಹಿಡಿದು ಕೂತಿದ್ದ ಹೆಂಗಸೊಬ್ಬರು, “ನಿಮ್ಮವರು ಯಾರಾದ್ರೂ ಇದಾರಾ?” ಎಂದು ಕೇಳಿದರು. ನೀರಿಗೆ ಬೆನ್ನು ಮಾಡಿ “ನಮ್ಮತ್ತಿಗೆ” ಎನ್ನುವಷ್ಟರಲ್ಲಿ ಧ್ವನಿವರ್ಧಕ ಗರಗರ ಎಂದಿತು:

“ಓಟ ನಿಲ್ಲಿಸಲಾಗಿದೆ. ನೀರಿನ ಹತ್ತಿರ ಸವಾರರೊಬ್ಬರು ಬಿದ್ದಿದ್ದಾರೆ. ವೈದ್ಯರು ದಯವಿಟ್ಟು ಬರಬೇಕು.”

ಹೆಸರಿಲ್ಲ, ನಂಬರಿಲ್ಲ.

ಅದೇ ಗಳಿಗೆಯಲ್ಲಿ ದಿಬ್ಬದ ಹಿಂದಿನಿಂದ ಗಡಿಬಿಡಿ ಎದ್ದು ಬಂದಳು, ಮೇಲೆ ಅತ್ತಿಗೆ, ಇಡಿಯಾಗಿ. ಬಿದ್ದವರು ಇವರ ಮುಂದಿದ್ದವರು. ಬಾವುಟದವರು ಅಡ್ಡ ನಿಂತು ಕೆಂಪು ಬೀಸಿದರು. ಮರುಕ್ಷಣವೇ ಅಣ್ಣನ ನೆನಪು ಬಂತು. ಅವನಿಗೆ ಇದು ಕಾಣುವುದಿಲ್ಲ. ಬರೀ ಕೇಳಿಸುತ್ತದೆ. ಗಡಿಬಿಡಿಯಲ್ಲಿ (ಕುದುರೆಯಲ್ಲ, ನನ್ನದು) ಫೋನು ಮಾಡಿದೆ. ಅವನ ಮೊಬೈಲು ನನ್ನ ಜೇಬಿನಲ್ಲೇ ಹಾಡಿತು.

೫

ಓದುಗರೇ, ಓಡುವ ಕುದುರೆಯ ಬಗ್ಗೆ ಯಾರು ಬೇಕಾದರೂ ಲಂಗುಲಗಾಮಿಲ್ಲದೆ ಬರೆಯಬಹುದು. ನಡುಓಟದಲ್ಲಿ ನಿಲ್ಲಿಸಿದ ಕುದುರೆಯ ಬಗ್ಗೆ ಬರೆದು ನೋಡಿ. ಮುಂಗಾಲೆತ್ತಿದಳು, ಬುಗುರಿಯ ಹಾಗೆ ತಿರುಗಿದಳು, ಬಾಯಲ್ಲಿ ನೊರೆ. ಅತ್ತಿಗೆ ಕೆಳಗಿಳಿದರು. ನಾನು ಆಚೆಯಿಂದ ಲಗಾಮು ಹಿಡಿದೆ. ಇಬ್ಬರೂ ಅವಳ ಜೊತೆ ಸುತ್ತತೊಡಗಿದೆವು.

“ಬಿದ್ದಿದ್ದು ಯಾರು?” ಎಂದರು ಅತ್ತಿಗೆ.

ಬಾವುಟದವರು ವಾಕಿಟಾಕಿಯನ್ನು ಕಿವಿಗಿಟ್ಟು ಕೇಳಿ ಹೇಳಿದರು: “ಬೂದು ಕುದುರೆ ಹುಡುಗಿ. ಎದ್ದು ಕೂತಿದಾಳಂತೆ. ಮುಂಗೈ ಮುರಿದಿರ್ಬೇಕು ಅಂತಿದಾರೆ.”

ಅತ್ತಿಗೆ ಕೈಗವಸು ಕಿತ್ತು ಅಂಗೈಯನ್ನು ನನ್ನ ಕಣ್ಣಿಗೆ ಹಿಡಿದರು. ಬೆರಳು ಅದುರುತ್ತಿದ್ದವು. “ನೋಡೇ. ದವಡೆ ಹಲ್ಲು ಕೀಳೋ ಕೈ.” ಆಮೇಲೆ ಬಾವುಟದವರ ಕಡೆ ತಿರುಗಿ ಸಣ್ಣ ದನಿಯಲ್ಲಿ, “ನಾನು ಮುಂದೆ ಹೋಗಲ್ಲ ಅಂದ್ರೆ?” ಎಂದರು.

“ಕೈ ಎತ್ತಿ ಹೇಳಿ, ನಡ್ಕೊಂಡು ವಾಪಸ್ ಹೋಗಿ. ಯಾರೂ ಏನೂ ಅನ್ನಲ್ಲ.”

ಅವರು ನನ್ನನ್ನು ನೋಡಿದರು. ನಾನು, “ಮನೆಗೆ ಹೋಗೋಣ ಅತ್ತಿಗೆ” ಎಂದೆ.

“ಸುಳ್ಳು,” ಎಂದು ಈಗ ಅತ್ತಿಗೆ ಪೆನ್ನಿನಿಂದ ಹಾಳೆ ಕುಟ್ಟುತ್ತಿದ್ದಾರೆ. “ನೀನು ಹಾಗನ್ಲಿಲ್ಲ. ‘ನೀರು ಕುಡಿತೀರಾ’ ಅಂದೆ.”

ಸರಿ. ನೀರು ಕುಡಿತೀರಾ ಎಂದೆ. ಅವರು ಕುಡಿಯಲಿಲ್ಲ, ನಾನೇ ಕುಡಿದೆ.

ಆಗ ಕೆಳಗಿನಿಂದ ಅಣ್ಣ ಓಡಿ ಬರುತ್ತಿರುವುದು ಕಂಡಿತು. ನೀರಿನ ಹತ್ತಿರ ಹೋಗಿ, ಅಲ್ಲಿ ಕೂತಿದ್ದವಳು ಬೇರೆ ಯಾರೋ ಎಂದು ನೋಡಿ, ನಿಂತು ಯಾರನ್ನೂ ಕೇಳದೆ, ಸಿಕ್ಕ ದಾರಿಯಲ್ಲಿ ದಿಬ್ಬ ಹತ್ತಿದ್ದ. ಐವತ್ತಕ್ಕೆ ಬಂದ ಗಂಡಸು, ಊಟದ ಮೇಲೆ ಅಡ್ಡಾಡಲೂ ಸೋಮಾರಿ. ನಮ್ಮಿಂದ ಸ್ವಲ್ಪ ದೂರದಲ್ಲಿ ನಿಂತ. ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಹುಲ್ಲಿನ ಮೇಲೆ ಕುಸಿದು ಕೂತ.

ಗಡಿಬಿಡಿ ನಮ್ಮಿಬ್ಬರನ್ನೂ ದರದರ ಎಳೆದುಕೊಂಡು ಅವನ ಹತ್ತಿರ ಹೋದಳು. ಏದುಸಿರು ಬಿಡುತ್ತಿದ್ದ ಅವನ ತಲೆಯನ್ನು ಮೂಸಿದಳು. ಅಂಗಿಯ ಮೇಲೆ ಸೀನಿದಳು. ಆಮೇಲೆ ನಿಂತಳು. ನಾಲ್ಕೂ ಕಾಲಿನ ಮೇಲೆ, ಸುಮ್ಮನೆ.

(ಇದು ನಾನು ಕಟ್ಟಿದ್ದಲ್ಲ. ಕಟ್ಟುವುದಿದ್ದರೆ ಸೀನು ತೆಗೆದುಹಾಕುತ್ತಿದ್ದೆ.)

“ಮೈಕಿನವನು ನಂಬರ್ ಹೇಳ್ಲಿಲ್ಲ,” ಎಂದ ಅಣ್ಣ ಕೊನೆಗೆ. “ಒಂದು ನಂಬರ್ ಹೇಳೋಕೆ ಏನಾಗಿತ್ತು ಅವನಿಗೆ?”

“ನಾನೇ ಅನ್ಕೊಂಡ್ರಾ?”

“ಇನ್ಯಾರು ಅನ್ಕೊಳ್ಲಿ?”

ಅತ್ತಿಗೆ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತರು. “ಸಾಕು ಅನ್ರೀ. ನೀವೊಂದು ಸಲ ಬಾಯಿಬಿಟ್ಟು ಸಾಕು ಅಂದ್ರೆ ಈಗ್ಲೇ ನಡ್ಕೊಂಡು ಬರ್ತೀನಿ. ನಿಮ್ಮಾಣೆ.”

ಅಣ್ಣ ಬಾಯಿ ತೆರೆದ. ಬಾವುಟದವರು ಮರ್ಯಾದೆಗೆ ಬೇರೆ ಕಡೆ ನೋಡಿದರು. ಅಣ್ಣ ಎದ್ದ, ಕುದುರೆಯ ಹೊಟ್ಟೆಯ ಕೆಳಗೆ ಕೈಹಾಕಿ ನೋಡಿದ.

“ಜೀನು ಸಡಿಲ ಆಗಿದೆ,” ಎಂದು ಹೇಳಿ ಪಟ್ಟಿಯನ್ನು ಎರಡು ತೂತು ಬಿಗಿದ.

ಅತ್ತಿಗೆ ಅವನ ಬೆನ್ನನ್ನೇ ನೋಡುತ್ತ ಎದ್ದು ನಿಂತರು. ಆಮೇಲೆ ಕೈಗವಸು ಹಾಕಿಕೊಂಡರು.

೬

ಇಲ್ಲಿ ನನ್ನ ಹತ್ತಿರ ಮೂರು ಅಂತ್ಯಗಳಿದ್ದವು. ಒಂದರಲ್ಲಿ ಅವರು ನೀರಿನ ಹತ್ತಿರ ಮತ್ತೆ ಬೀಳುತ್ತಾರೆ. (“ಶನಿ,” ಎಂದರು ಅತ್ತಿಗೆ.) ಇನ್ನೊಂದರಲ್ಲಿ ಗೆದ್ದು ಪದಕ ತರುತ್ತಾರೆ. (“ಮೊದಲನೇ ಪರೀಕ್ಷೆ ಮಾರ್ಕ್ಸ್ ಮರೆತ್ಯಾ?”) ಮತ್ತೊಂದರಲ್ಲಿ ಗಂಡ ಹೆಂಡತಿ ಲಗಾಮು ಹಿಡಿದು ಸೂರ್ಯಾಸ್ತದ ಕಡೆ ನಡೆಯುತ್ತಾರೆ. (“ಮಧ್ಯಾಹ್ನ ಕಣೆ ಅದು. ಸುಡು ಬಿಸಿಲು.”)

ಆದದ್ದು ಇಷ್ಟು. ಅಣ್ಣ ಈ ಸಲ ಲಾರಿಗೆ ಹೋಗಲಿಲ್ಲ. ನನ್ನ ಪಕ್ಕ ನಿಂತು ನನ್ನ ತೋಳು ಹಿಡಿದುಕೊಂಡ. ಆ ಬೆರಳಿನ ಗುರುತು ಇನ್ನೂ ನೀಲಿಯಾಗಿದೆ. ಓಟ ಮತ್ತೆ ಶುರುವಾಯಿತು, ಅತ್ತಿಗೆ ಕುದುರೆ ಏರಿ ದಿಬ್ಬ ಇಳಿದರು. ನೀರಿನ ಅಂಚಿಗೆ ಬಂದ ಗಡಿಬಿಡಿ ಗಕ್ಕನೆ ನಿಂತಳು. ಅವರು ಕುದುರೆಯ ಕುತ್ತಿಗೆಯವರೆಗೆ ಜಾರಿದರು. ಅಣ್ಣ ಏನೋ ಅಂದ, ಅದು ಮಾತಾಗಿರಲಿಲ್ಲ. ಅವರು ಹಾಗೇ ತೆವಳಿಕೊಂಡು ಜೀನಿಗೆ ವಾಪಸಾದರು. ದೂರ ಹೋಗಿ, ತಿರುಗಿ, ಈ ಸಲ ನಿಧಾನವಾಗಿ ಬಂದರು. ಗಡಿಬಿಡಿ ಅಂಚಿನಲ್ಲಿ ಮೂಗು ಇಳಿಸಿ ನೀರು ನೋಡಿದಳು. ಬಹಳ ಹೊತ್ತು ನೋಡಿದಳು ಎಂದು ಬರೆಯುತ್ತೇನೆ, ಅಷ್ಟೇನೂ ಆಗಿರಲಿಕ್ಕಿಲ್ಲ. ಆಮೇಲೆ ಕಪ್ಪೆಯ ಹಾಗೆ ದುಬುಕ್ಕನೆ ಹಾರಿದಳು. ಅತ್ತಿಗೆಯ ಒಂದು ಕಾಲು ಮೆಟ್ಟುವ ರಿಕಾಪಿನಿಂದ ತಪ್ಪಿತು, ಮುಖದ ತುಂಬ ಕೆಸರು, ಆಚೆ ದಡ ಹತ್ತಿದಾಗ ಮೇಲೆಯೇ ಇದ್ದರು.

ಉಳಿದದ್ದನ್ನು ಮುಗಿಸಿದರು. ಕೊನೆಯಿಂದ ಮೂರನೆಯ ಸ್ಥಾನ. ಬೂದು ಕುದುರೆಯ ಹುಡುಗಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು, “ಚೆನ್ನಾಗಿ ಹೋದ್ರಿ ಆಂಟಿ” ಎಂದಳು. ಬಿದ್ದದ್ದಕ್ಕಿಂತ ‘ಆಂಟಿ’ ಜಾಸ್ತಿ ನೋಯಿತು ಎಂದು ಅತ್ತಿಗೆ ದಾರಿಯುದ್ದಕ್ಕೂ ಹೇಳಿದರು. “ನೀನು ಇವತ್ತು ಬಿದ್ದಿಲ್ವಲ್ಲ,” ಎಂದ ಅಣ್ಣ. ಆ ದಿನ ಅವನು ನಕ್ಕದ್ದು ಆಗಲೇ.

೭

“ಈಗ ಹೇಳಿ,” ಎಂದೆ ಮೇಜಿನ ಈಚೆಯಿಂದ. “ಈ ಸಲ ಆಯ್ತು ಅಂತಾನಾ, ಆಗ್ಲಿಲ್ಲ ಅಂತಾನಾ? ಅವಳನ್ನ ಕೊಡ್ತೀರೋ, ಇಟ್ಕೊಳ್ತೀರೋ? ನಂಗೊಂದು ಕೊನೆ ಬೇಕು ಅತ್ತಿಗೆ.”

“ಗೊತ್ತಿಲ್ಲ ಕಣೆ. ಕೈ ಇನ್ನೂ ಅದುರುತ್ತೆ ಒಮ್ಮೊಮ್ಮೆ. ಅವಳನ್ನ ಕೊಟ್ರೆ ನಿಲ್ಲುತ್ತಾ ಅಂದ್ರೆ, ಅದೂ ಗೊತ್ತಿಲ್ಲ.”

ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದ ಅಣ್ಣ, ನಮ್ಮ ಕಡೆ ತಿರುಗದೆ, “ಮುಂದಿನ ಪಂದ್ಯಕ್ಕೆ ಹೆಸರು ಕೊಡೋಕೆ ಶುಕ್ರವಾರ ಕಡೇ ದಿನ,” ಎಂದ.

ಅತ್ತಿಗೆ ಓದುವುದನ್ನು ನಿಲ್ಲಿಸಿದರು. “ಹೆಸರು ಕೊಡು ಅಂತ ಹೇಳ್ತಿದೀರಾ?”

“ಶುಕ್ರವಾರ ಅಂತ ಹೇಳ್ದೆ.”

ನಲ್ಲಿಯ ಸದ್ದು ಜೋರಾಯಿತು. ನೆನಪಿಸಲಿಕ್ಕೆ ಹೇಳಿದನೋ, ಆ ದಿನ ಹೇಗಾದರೂ ದಾಟಿಹೋಗಲಿ ಎಂದು ಲೆಕ್ಕ ಹಾಕುತ್ತಿದ್ದವನ ಬಾಯಿಂದ ಜಾರಿತೋ, ನನಗೆ ತಿಳಿಯಲಿಲ್ಲ. ಅತ್ತಿಗೆಯ ಮುಖ ನೋಡಿದರೆ ಅವರಿಗೂ ತಿಳಿದ ಹಾಗೆ ಕಾಣಲಿಲ್ಲ. ನೀವೇನಾದರೂ ಊಹಿಸಿದ್ದರೆ ನಿಮ್ಮಲ್ಲೇ ಇರಲಿ, ನನಗೆ ಹೇಳಬೇಡಿ.

ಇವತ್ತು ಬುಧವಾರ.