ಸೋತ ತೋಳಿನ ನಿಯಮ

"ಮೂರು ಬಾಣ ಆಯ್ತು ಅಕ್ಕ. ಇನ್ಮೇಲೆ ಸುಮ್ನೆ ಹೊಡೆಯೋ ಹಾಗಿಲ್ಲ. ಮೊದಲು ಬಿಲ್ಲು ಎಳೆಯೋಕಾಗತ್ತಾ ಅಂತ ದಾಳ ಹಾಕು," ಎಂದ ತಮ್ಮ. ಹೊಸ ನಿಯಮಗಳ ಹಾಳೆಯನ್ನು ಫ್ಯಾನಿನ ಗಾಳಿಗೆ ಹಾರದಂತೆ ಮೊಣಕೈಯಲ್ಲಿ ಒತ್ತಿ ಹಿಡಿದಿದ್ದ. ಅವನ ಮುಖದಲ್ಲಿ ಹೊಸ ಅಂಗಿ ತೊಟ್ಟವನ ಸಂಕೋಚವಿತ್ತು.

ಬೇಕರಿಯ ಮೇಲಿನ ಕೋಣೆ. ಭಾನುವಾರ ಮಧ್ಯಾಹ್ನ ಒಲೆ ಆರಿಸಿದ ಮೇಲೆ ನಾಲ್ವರು ಇಲ್ಲಿ, ಮೈದಾ ಮೂಟೆಗಳ ನಡುವೆ, ಹಿಟ್ಟು ನಾದುವ ಹಳೆಯ ಮೇಜಿನ ಸುತ್ತ ಕೂರುತ್ತಿದ್ದರು. ಕಥೆ ನಡೆಸುವವನು ತಮ್ಮ. ಕಾಡು, ಕೋಟೆ, ರಾಕ್ಷಸರೆಲ್ಲ ಅವನ ಬಾಯಲ್ಲೇ ಹುಟ್ಟಬೇಕು. ಉಳಿದ ಮೂವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಓಡಾಡುವರು. ಮಾಡಿದ ಸಾಹಸ ಫಲಿಸಿತೋ ಕೆಟ್ಟಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುವುದು. ಆರಡಿ ಎತ್ತರದ ಬೇಕರಿಯವನು ಆಟದಲ್ಲಿ ಕೊಡಲಿ ಹಿಡಿದ ಕುಳ್ಳ, ಹೆಸರು ಗಿಡ್ಡಪ್ಪ. ಅವನ ನಾದಿನಿ ಹಲ್ಲಿನ ಆಸ್ಪತ್ರೆಯಲ್ಲಿ ಟೋಕನ್ ಕೊಡುವವಳು, ಇಲ್ಲಿ ಬೆಂಕಿ ಉಗುಳುವ ಮಂತ್ರವಾದಿ. ಅಕ್ಕ ಮಾತ್ರ ಎರಡು ಕಡೆಯೂ ಒಂದೇ. ಹೊರಗೆ ಶಾಲೆಯೊಂದರಲ್ಲಿ ಹುಡುಗಿಯರಿಗೆ ಬಿಲ್ಲು ಕಲಿಸುವವಳು, ಒಳಗೆ ಮಿಂಚುಳ್ಳಿ ಎಂಬ ಬಿಲ್ಲುಗಾರ್ತಿ.

ಈ ನಿಯಮ ಬರೆಸಿದವಳೂ ಅವಳೇ. ಆಟದ ಹಳೆಯ ಪುಸ್ತಕದ ಪ್ರಕಾರ ಬಿಲ್ಲಿಗೆ ಚುರುಕು ಸಾಕು, ಬಲ ಬೇಡ. ಉಸಿರು ಬಿಡುವಷ್ಟರಲ್ಲಿ ಎರಡು ಬಾಣ, ಬೆಳಗಿಂದ ಸಂಜೆವರೆಗೆ ಹೊಡೆದರೂ ಆಯಾಸವಿಲ್ಲ. "ಇದೇನು ಬಾಣವೋ, ಬಾಯಲ್ಲಿ ಉಗುಳೋ ಸೀಬೆಬೀಜವೋ?" ಎಂದು ಅವಳು ವರ್ಷಗಟ್ಟಲೆ ತಮ್ಮನ ತಲೆ ತಿಂದಿದ್ದಳು. "ಬಿಲ್ಲು ಎಳೆಯೋದು ಬೆರಳಲ್ಲಲ್ಲ ಕಣೋ, ಬೆನ್ನಲ್ಲಿ. ಎಳೆದು ಹಿಡ್ಕೊಂಡು ಭಾಷಣ ಮಾಡೋಕಾಗಲ್ಲ. ಒದ್ದೆ ಹೆದೆ ಸತ್ತ ಹಾವಿನ ಥರ ಇರತ್ತೆ. ತೋಳು ಸೋಲತ್ತೆ. ಅದನ್ನ ಬರಿ." ಹೋದ ವರ್ಷ ಹಾಗೆನ್ನುವಾಗ ಅವಳ ತೋಳು ಸೋತಿರಲಿಲ್ಲ.

ಗುರುವಾರ ಡಾಕ್ಟರು ಅವಳ ಕುತ್ತಿಗೆಯ ಚಿತ್ರವನ್ನು ಬೆಳಕಿಗೆ ಹಿಡಿದು, ನರ ಒಣಗಿದೆ, ಬಲಗೈಯ ಬಲ ಮರಳುವುದಿಲ್ಲ, ಇನ್ನೂ ಇಳಿಯುವುದು ಎಂದಿದ್ದರು. ಆಪರೇಷನ್ನಿನಿಂದಲೂ ಅದು ಸರಿಹೋಗದು. ಅವಳು ಯಾರಿಗೂ ಹೇಳಿರಲಿಲ್ಲ. ಭುಜ ಉಳುಕಿದೆ, ರೆಸ್ಟ್ ಬೇಕಂತೆ ಎಂದು ತಮ್ಮನಿಗೆ ಮೊದಲೇ ಹೇಳಿದ್ದ ಸುಳ್ಳು ಇನ್ನೂ ಚಾಲ್ತಿಯಲ್ಲಿತ್ತು. ಮೈದಾನದಲ್ಲಿ ಈಗ ಅವಳು ಬಾಯಲ್ಲಷ್ಟೇ ಕಲಿಸುತ್ತಿದ್ದಳು. ಬಿಲ್ಲು ಎಳೆಯಲು ಉಳಿದಿದ್ದ ಜಾಗ ಈ ಮೇಜೊಂದೇ.

"ಎಷ್ಟು ಬರಬೇಕು?" ಎಂದಳು.

"ಹದಿನಾಲ್ಕು."

"ಅಷ್ಟೊಂದಾ?"

"ಮಿಂಚುಳ್ಳಿಗೆ ಬಲ ಕಮ್ಮಿ ಅಲ್ವಾ. ಹಳೇ ನಿಯಮ ನಂಬಿ ಇದ್ದ ಅಂಕ ಎಲ್ಲಾ ಚುರುಕಿಗೇ ಸುರಿದಿದ್ದೆ ನೀನು."

ಕಥೆಯಲ್ಲಿ ಹಗ್ಗದ ಸೇತುವೆ ತೂಗಾಡುತ್ತಿತ್ತು. ನಡುವೆ ಗಿಡ್ಡಪ್ಪ ಒಂದು ಕೈಯಲ್ಲಿ ಜೋತುಬಿದ್ದಿದ್ದ. ಮೇಲೆ ಒಕ್ಕಣ್ಣಿನ ಮೃಗ ಕಾಲೆತ್ತಿತ್ತು. ಮಂತ್ರವಾದಿಯ ಬೆಂಕಿ ಮುಗಿದಿತ್ತು.

"ಕೋಚ್ ಅಮ್ಮಾ, ನಿಮ್ಮ ಕೈಗುಣ ದೊಡ್ಡದು," ಎಂದು ಬೇಕರಿಯವನು ಅಕ್ಕನಿಗೆ ಕೈಮುಗಿದ. "ನಾಲ್ಕು ವರ್ಷ ಸಾಕಿದ ಗಿಡ್ಡಪ್ಪ ಕಣ್ರಮ್ಮಾ."

"ಸ್ವಂತ ಅಂಗಡೀನೂ ಇಷ್ಟು ಚೆನ್ನಾಗಿ ನೋಡ್ಕೊಂಡಿಲ್ಲ ಇವ್ರು," ಎಂದಳು ನಾದಿನಿ.

"ನೀನು ಬಾಯ್ಮುಚ್ಚೆ. ಇದ್ದ ಬೆಂಕೀನೆಲ್ಲ ಬಾವಲಿ ಮೇಲೆ ಖರ್ಚು ಮಾಡಿದೋಳು."

"ಬಾವಲಿ ನಿಮ್ಮ ತಲೆ ಮೇಲೇ ಕೂತಿತ್ತಲ್ಲ ಭಾವ!"

ಅಕ್ಕ ದಾಳ ಉರುಳಿಸಿದಳು. ಒಂಬತ್ತು.

ತಮ್ಮ ಹಾಳೆಯತ್ತ ನೋಡಿದ, ಬೇಕರಿಯವನತ್ತ ನೋಡಿದ. "ನಿಯಮ ಹೊಸದು," ಎಂದ. "ಇವತ್ತೊಂದು ಸಲ ಹಳೇದ್ರಲ್ಲೇ ಆಡೋಣ. ಮುಂದಿನ ವಾರದಿಂದ..."

"ಹಾವೂ ಸಾಯಬಾರದು, ಕೋಲೂ ಮುರೀಬಾರದು," ಎಂದು ನಾದಿನಿ ನಕ್ಕಳು. ಬೇಕರಿಯವನು ನಗಲಿಲ್ಲ, ಆಸೆ ಹುಟ್ಟಿದ್ದು ಅವನ ಮುಖದಲ್ಲಿ ಕಾಣುತ್ತಿತ್ತು.

"ಬೇಡ," ಎಂದಳು ಅಕ್ಕ. "ಎಳೆಯೋಕಾಗಲಿಲ್ಲ ಅಂದ್ರೆ ಆಗಲಿಲ್ಲ. ಮುಂದೆ ಹೇಳು."

ತಮ್ಮ ಹೇಳಿದ. ಅವನು ಹೇಳುವುದರಲ್ಲಿ ಗಟ್ಟಿಗ. ಹೆದೆ ಗಲ್ಲದವರೆಗೆ ಬರದೆ ಅರ್ಧದಲ್ಲೇ ನಿಂತಿತು. ಮಿಂಚುಳ್ಳಿಯ ಮೊಣಕೈ ತಾನಾಗಿಯೇ ಕೆಳಗಿಳಿಯಿತು. ತೋಳು ನಡುಗಿತು, ಆಮೇಲೆ ನಡುಕವೂ ನಿಂತಿತು. ಅದು ಅವಳದಲ್ಲ, ಯಾರೋ ಅವಳ ಭುಜಕ್ಕೆ ತಗುಲಿಹಾಕಿ ಹೋದ ಚೀಲ. ಬಾಣ ಹೆದೆಯಿಂದ ಜಾರಿ ಅವಳ ಪಾದದ ಬಳಿಯೇ ಬಿತ್ತು. ಶಾಲೆಯ ಮೈದಾನದಲ್ಲಿ, ಹುಡುಗಿಯರೆಲ್ಲ ಮನೆಗೆ ಹೋದ ಮೇಲೆ, ಅಕ್ಕನಿಗೆ ಆದದ್ದೂ ಇದೇ. ತಮ್ಮ ಅದನ್ನು ಕಂಡವನಲ್ಲ. ಆದರೂ ಒಂದಕ್ಷರವೂ ತಪ್ಪಿರಲಿಲ್ಲ.

ಮೃಗ ಕಾಲಿಟ್ಟಿತು. ಹಗ್ಗ ಹರಿಯಿತು.

ಬೇಕರಿಯವನು ಗಿಡ್ಡಪ್ಪನ ಮರದ ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿದ. "ಇರಲಿ ಬಿಡಿ, ಸಾಯೋ ವಯಸ್ಸೇ ಆಗಿತ್ತು," ಎಂದ. "ಸಾವಿನ ಮನೇಲಿ ಟೀ ಆದ್ರೂ ಆಗಲಿ," ಎಂದು ಮೆಟ್ಟಿಲಿಳಿದ. ನಾದಿನಿ, "ಸಕ್ಕರೆ ಎಲ್ಲಿದೆ ಅಂತ ನಿಮಗೆ ಗೊತ್ತಿದ್ರೆ ತಾನೆ," ಎನ್ನುತ್ತ ಹಿಂದೆಯೇ ಹೋದಳು.

"ಬೇಜಾರಾಯ್ತಾ?" ಎಂದು ಕೇಳಿದ ತಮ್ಮ. "ನಿಯಮ ಕೆಲಸ ಮಾಡ್ತು ನೋಡು. ಮೊದಲ ಸಲ ಬಿಲ್ಲು ಅಂದ್ರೆ ಬಿಲ್ಲು ಅನ್ನಿಸ್ತು. ಮಿಂಚುಳ್ಳಿಗೆ ಏನೂ ಆಗಲ್ಲ ಬಿಡು, ರಾತ್ರಿ ಮಲಗಿ ಎದ್ರೆ ತೋಳು ಪೂರ್ತಿ ಸರಿ."

"ಹಾಗಂತ ಬರ್ದಿದ್ದೀಯಾ?"

"ಹೂಂ. ಯಾಕೆ?"

"ಅದು ಸುಳ್ಳು."

ತಮ್ಮನ ಕಣ್ಣುಗಳು ಅರಳಿದವು. ಅಕ್ಕ ಮತ್ತೆ ಹಳೆಯ ಜಗಳಗಂಟಿಯಾಗಿದ್ದಳು. ಪೆನ್ನು ತೆಗೆದ. "ಸರಿ, ಹೇಳು. ನಿದ್ದೆಯಿಂದ ಎಷ್ಟು ಬರತ್ತೆ?"

"ಎಲ್ಲಾ ತೋಳಿಗೂ ಒಂದೇ ಲೆಕ್ಕ ಅಲ್ಲ. ಕೆಲವಕ್ಕೆ ನಿದ್ದೆಯಿಂದ ಏನೂ ಬರಲ್ಲ."

"ಮೂಲಿಕೆ? ಮಂತ್ರ?"

"ಅದರಿಂದಲೂ ಇಲ್ಲ."

"ಅಯ್ಯೋ, ಹಾಗಾದ್ರೆ ಆಟದಲ್ಲಿ ಅವಳಿಗೆ ಕೆಲಸವೇ ಇರಲ್ಲ," ಎನ್ನುತ್ತಲೇ ಬರೆಯತೊಡಗಿದ. "ಆಮೇಲೆ?"

"ದಿನಾ ಒಂದೊಂದು ಚೂರು ಇಳಿಯತ್ತೆ. ಮೊದಲು ಬಿಲ್ಲು. ಆಮೇಲೆ ನೀರಿನ ಕೊಡ. ಜಡೆ ಹಾಕ್ಕೊಳೋಕೆ ಕೈ ಎತ್ತಿದ್ರೆ ಅರ್ಧಕ್ಕೇ ನಿಲ್ಲತ್ತೆ."

"ಜಡೆ... ಚೆನ್ನಾಗಿದೆ ಇದು. ಇದಕ್ಕೆ ದಾಳ ಎಷ್ಟಿಡಲಿ?"

"ದಾಳ ಇಲ್ಲ."

ಪೆನ್ನು ನಿಂತಿತು. ಅವನು ತಾನು ಬರೆದ ಸಾಲನ್ನು ಓದಿದ. ತಲೆಯೆತ್ತಿ ಅವಳ ಕೂದಲು ನೋಡಿದ, ಕಿವಿಯವರೆಗೆ ಕತ್ತರಿಸಿಕೊಂಡಿದ್ದಳು. ಬೇಸಿಗೆಗೆಂದು ಅಂದುಕೊಂಡಿದ್ದ.

"ಡಾಕ್ಟರು..." ಎಂದ.

"ಗುರುವಾರ."

ನಾದಿನಿ ಟ್ರೇ ತಂದು ಮೇಜಿನ ಮೇಲಿಟ್ಟಳು. ಇಬ್ಬರ ಮುಖವನ್ನೂ ನೋಡಿ ಮತ್ತೆ ಕೆಳಗೆ ಹೋದಳು.

ತಮ್ಮ ಅಕ್ಕನ ಲೋಟ ಎತ್ತಿಕೊಂಡು, ಅದರ ಅರ್ಧ ಟೀಯನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡ. ತುಂಬಿ ಮೇಜಿಗೆ ಚೆಲ್ಲಿದ್ದು ಅವನಿಗೆ ತಿಳಿಯಲಿಲ್ಲ. ಹಗುರಾದ ಲೋಟವನ್ನು ಅವಳ ಎಡಗೈಯತ್ತ ಸರಿಸಿದ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ, ಬಲಗೈ ಚಾಚಿ, ಬೆರಳುಗಳನ್ನು ಒಂದೊಂದಾಗಿ ಲೋಟದ ಸುತ್ತ ಇಟ್ಟಳು. ಹಬೆ ಏಳುವುದು ನಿಂತ ಮೇಲೂ ಬೆರಳುಗಳು ಹಾಗೆಯೇ ಇದ್ದವು, ಲೋಟ ಮೇಜು ಬಿಟ್ಟು ಏಳಲಿಲ್ಲ.