ನಾರು ತೆಗೆಯದ ದಿಂಡು

ಚನಿಯನ ದೊಡ್ಡ ಕರುಳನ್ನು ಪೂರ್ತಿ ತೆಗೆದು ಮೂರು ವಾರವಾಗಿತ್ತು. ಹುಣ್ಣಾಗಿ ಹುಣ್ಣಾಗಿ ಅದು ಹಳೇ ಚಿಂದಿಯಂತಾಗಿತ್ತೆಂದು ಡಾಕ್ಟರು ಹೇಳಿದ್ದರು. ಈಗ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಬದಿಯಿಂದ ಹೊರಗೆ ತಂದು ಅದಕ್ಕೆ ಮಲ ಸೇರುವ ಚೀಲವೊಂದನ್ನು ಅಂಟಿಸಿದ್ದರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದ ಗಂಡಸು, ಅಲ್ ಬರ್ಷಾದ ಮಗಳ ಫ್ಲ್ಯಾಟಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಅವನನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂಬ ಒಂದೇ ಹಟದಲ್ಲಿ ಹೆಂಡತಿ ಅಪ್ಪಿ ಕಾಪುವಿನಿಂದ ವಿಸಿಟ್ ವೀಸಾದಲ್ಲಿ ಓಡಿ ಬಂದಿದ್ದಳು.

ಏನು ತಿನ್ನಬಾರದು ಎಂಬ ಪಟ್ಟಿಯನ್ನು ಆಸ್ಪತ್ರೆಯವರು ಇಂಗ್ಲಿಷಿನಲ್ಲೂ ಅರಬಿಯಲ್ಲೂ ಬರೆದು ಕೊಟ್ಟಿದ್ದರು. ಅಪ್ಪಿಗೆ ಎರಡೂ ಬಾರದು. ಮಗಳು ಯಶ್ಮಿತಾ ಅದನ್ನು ಫ್ರಿಜ್ಜಿಗೆ ಅಂಟಿಸಿ, ಮೆತ್ತಗಿನದ್ದು ಕೊಟ್ಟರೆ ಸಾಕು ಎಂದು ಹೇಳಿ ಆಫೀಸಿಗೆ ಹೋಗಿಬಿಟ್ಟಿದ್ದಳು. ಅಪ್ಪಿ ಗಂಜಿ ಬೇಯಿಸಿದಳು. ದಿನವೂ ಗಂಜಿಯೇ. ಚನಿಯ ನಾಲ್ಕು ಚಮಚ ಕುಡಿದು ತಟ್ಟೆ ಸರಿಸುತ್ತಿದ್ದ.

ಒಂದು ರಜೆಯ ದಿನ ಯಶ್ಮಿತಾ ತನ್ನ ಡಯಟ್ಟಿಗೆಂದು ಫೋನಿನಲ್ಲಿ ಏನೋ ಓದುತ್ತಿದ್ದವಳು ತಾಯಿಗೂ ವಿವರಿಸಿದಳು. ಕರುಳಿನಲ್ಲಿ ಕೋಟಿಗಟ್ಟಲೆ ಒಳ್ಳೆಯ ಸೂಕ್ಷ್ಮಜೀವಿಗಳಿವೆಯಂತೆ. ನಮಗೆ ಜೀರ್ಣವಾಗದ ಕಾಯಿಪಲ್ಲೆಯ ನಾರೇ ಅವಕ್ಕೆ ಊಟವಂತೆ.

"ಉದ್ದಿನ ಹಿಟ್ಟು ಹುಳಿ ಬರುವ ಹಾಗೆಯಾ?" ಅಪ್ಪಿ ಕೇಳಿದಳು.

"ಸೇಮ್ ಅಮ್ಮ. ನಾರನ್ನು ಹುದುಗಿಸಿ ಒಂದು ನಮೂನೆ ಆ್ಯಸಿಡ್ ಮಾಡ್ತವೆ. ಕರುಳಿನ ಗೋಡೆಗೆ ಅದೇ ಆಹಾರ."

ಅಪ್ಪಿಗೆ ಎದೆಯೊಳಗೆ ದೀಪ ಹಚ್ಚಿದ ಹಾಗಾಯಿತು. ಹಿಟ್ಟಿನ ವಿದ್ಯೆ ಅವಳಿಗೆ ಗೊತ್ತಿದ್ದದ್ದೇ. ಗಂಜಿಯಲ್ಲಿ ನಾರೆಲ್ಲಿದೆ? ಪಾಪ, ಆ ಜೀವಿಗಳು ಉಪವಾಸ ಬಿದ್ದಿವೆ, ಅದಕ್ಕೇ ಗಂಡನ ಹೊಟ್ಟೆಯ ಗಾಯ ಮಾಯುತ್ತಿಲ್ಲ ಎಂದುಕೊಂಡಳು.

ಮರುದಿನ ಮಲಯಾಳಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟ ಬಾಳೆದಿಂಡು ಸಿಕ್ಕಿತು. ಹೊಟ್ಟೆಗೆ ಹೋದ ಕೂದಲು, ಕಲ್ಲು ಎಲ್ಲವನ್ನೂ ದಿಂಡು ಎಳೆದು ತರುತ್ತದೆಂದು ಅವಳ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ತಿನ್ನಿಸುತ್ತಿದ್ದರು. ಬಿಲ್ಲೆ ಬಿಲ್ಲೆಯಾಗಿ ಕೊಚ್ಚುವಾಗ ಏಳುವ ದಾರದಂಥ ನಾರನ್ನು ಬೆರಳಿಗೆ ಸುತ್ತಿ ಸುತ್ತಿ ತೆಗೆದು ಎಸೆಯುವುದು ಕ್ರಮ. ಅಪ್ಪಿಯ ಬೆರಳು ತಾನಾಗಿ ಸುತ್ತತೊಡಗಿತು. ಎರಡು ಬಿಲ್ಲೆಯಾದ ಮೇಲೆ ನಿಲ್ಲಿಸಿದಳು. ಅವುಗಳ ಊಟವನ್ನೇ ಎಸೆಯುತ್ತಿದ್ದೇನಲ್ಲ ಅನ್ನಿಸಿತು. ಬೆರಳಿಗೆ ಸುತ್ತಿದ್ದನ್ನೂ ಬಿಚ್ಚಿ, ಸಣ್ಣಗೆ ಕೊಚ್ಚಿ, ಪಲ್ಯಕ್ಕೆ ಸೇರಿಸಿದಳು.

ಚನಿಯ ಅಂದು ಎದ್ದು ಕೂತು ಉಂಡ. ಎರಡನೆಯ ಸಲ ಹಾಕಿಸಿಕೊಂಡ. "ಗಂಜಿ ಕುಡಿದು ಕುಡಿದು ನಾನೇ ಗಂಜಿ ಆಗಿದ್ದೆ ಮಾರಾಯ್ತಿ," ಎಂದ. ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದು ಅದೇ.

ಮರುದಿನ ಮಧ್ಯಾಹ್ನವಾದರೂ ಚೀಲಕ್ಕೆ ಏನೂ ಇಳಿಯಲಿಲ್ಲ. ಹೊಟ್ಟೆ ಉಬ್ಬಿ ಕಲ್ಲಾಯಿತು. ವಾಂತಿ ಶುರುವಾಯಿತು. ಯಶ್ಮಿತಾ ಆಫೀಸಿನಿಂದ ಓಡಿ ಬಂದು ಟ್ಯಾಕ್ಸಿಯಲ್ಲಿ ಹಾಕಿಕೊಂಡು ಹೋದಳು.

ಆಸ್ಪತ್ರೆಯಲ್ಲಿ ಬೆಳ್ತಂಗಡಿ ಕಡೆಯ ನಾಝಿಯಾ ಎಂಬ ನರ್ಸ್ ಇದ್ದಳು. ಏನೇನು ತಿಂದಿದ್ದಾರೆ ಎಂದು ಕನ್ನಡದಲ್ಲೇ ಕೇಳಿದಳು. ಚನಿಯ ಹೆಂಡತಿಯ ಮುಖ ನೋಡಿದ. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳ ಬಾಯಿ ಹರಿತ, ತಾಯಿಯನ್ನು ಬಿಡುವವಳಲ್ಲ.

"ಗಂಜಿ ಮಾತ್ರ," ಎಂದ.

"ಸರಿ ನೆನಪು ಮಾಡಿ ಅಣ್ಣ. ನಾರಿಂದು, ಸೊಪ್ಪು, ತೆಂಗಿನಕಾಯಿ ಏನಾದ್ರೂ?"

ಚನಿಯ ಚಾದರದ ಅಡಿಯಲ್ಲಿ ಅಪ್ಪಿಯ ಮಣಿಕಟ್ಟನ್ನು ಒತ್ತಿ ಹಿಡಿದ. ಮದ್ದೆಂದು ಕೊಟ್ಟದ್ದನ್ನು ತಪ್ಪಿನ ಹಾಗೆ ಹೇಳುವುದು ಹೇಗೆಂದು ಅವಳಿಗೂ ತಿಳಿಯಲಿಲ್ಲ. ಅವಳು ತಲೆ ತಗ್ಗಿಸಿದಳು. ನಾಝಿಯಾ ಬರೆದುಕೊಂಡು ಹೋದಳು.

ಹಾಗಾದರೆ ಹಿಂದಿನ ಆಪರೇಷನ್ನಿನ ಗಾಯ ಮಾಯುವಾಗ ಒಳಗೆ ಅಂಟು ಬೆಳೆದು ಕರುಳು ಸಿಕ್ಕಿಕೊಂಡಿರಬೇಕೆಂದು ಡಾಕ್ಟರು ತೀರ್ಮಾನಿಸಿದರು. ಸಂಜೆಗೆ ಮತ್ತೆ ಹೊಟ್ಟೆ ಕೊಯ್ದರು. ಒಳಗೆ ಅಂಟೇನೂ ಇರಲಿಲ್ಲ. ಕರುಳಿನ ಬಾಯಿಯಲ್ಲಿ ಹಗ್ಗದ ಉಂಡೆಯಂತೆ ನಾರು ಸಿಕ್ಕಿಕೊಂಡಿತ್ತು. ಹೊರಗೆ ಬಂದ ಡಾಕ್ಟರು ಇದೇನೆಂದು ಕೇಳಿದಾಗ ಅಪ್ಪಿ ಮಗಳ ಎದುರಿಗೇ ಎಲ್ಲ ಹೇಳಿದಳು.

ಡಾಕ್ಟರ ಮಾತನ್ನು ನಾಝಿಯಾ ನಿಧಾನವಾಗಿ ಕನ್ನಡಕ್ಕೆ ತಂದಳು. ನಾರನ್ನು ಹುದುಗಿಸುವ ಜೀವಿಗಳು ಮುಖ್ಯವಾಗಿ ಇರುವುದು ದೊಡ್ಡ ಕರುಳಿನಲ್ಲಿ. ಇವರಿಗೆ ಆ ಕರುಳೇ ಇಲ್ಲವಲ್ಲ.

"ಮೊದಲೇ ಗೊತ್ತಿದ್ದರೆ?" ಅಪ್ಪಿ ಕೇಳಿದಳು.

ನಾಝಿಯಾ ಅವಳನ್ನು ಕುರ್ಚಿಯಲ್ಲಿ ಕೂರಿಸಿದಳು. "ಮೊದಲು ಕರುಳಿನ ಬಾಯಿಗೆ ನಳಿಗೆ ಹಾಕಿ ನೀರು ಬಿಟ್ಟು ನೋಡ್ತಿದ್ರು ಅಮ್ಮ. ಹೆಚ್ಚಿನವರಿಗೆ ಅಷ್ಟರಲ್ಲೇ ಕಟ್ಟಿದ್ದು ಬಿಡ್ತದೆ."

ಆ ಮೈಗೆ ಇನ್ನೊಂದು ಕೊಯ್ತವನ್ನು ತಡೆಯುವ ತ್ರಾಣವಿರಲಿಲ್ಲ. ಮೂರನೆಯ ಬೆಳಿಗ್ಗೆ ಚನಿಯ ಹೋದ. ನಡುವೆ ಒಮ್ಮೆಯೂ ಕಣ್ಣು ತೆರೆಯಲಿಲ್ಲ.

ಯಶ್ಮಿತಾ ಊರಿನಲ್ಲಿದ್ದ ತಮ್ಮ ತಿಲಕನಿಗೆ ಫೋನು ಮಾಡಿದಳು. ಆಪರೇಷನ್ ತಡೆಯಲಿಲ್ಲ, ನಮ್ಮ ಹಣೆಬರಹ ಎಂದಳು. ಅಷ್ಟು ಸಾಕು ಅಮ್ಮ ಎಂದು ಕಣ್ಣಲ್ಲೇ ಹೇಳಿದಳು. ಅಪ್ಪಿ ಕೈ ಚಾಚಿ ಫೋನು ತೆಗೆದುಕೊಂಡಳು.

"ತಿಲಕಾ, ನಾನು ದಿಂಡಿನ ಪಲ್ಯ ಬಡಿಸಿದ್ದೆ. ಆಸ್ಪತ್ರೆಯಲ್ಲಿ ಎರಡು ಸಲ ಕೇಳಿದ್ರು ಮಗಾ. ನಾನು ಬಾಯಿ ಬಿಡಲಿಲ್ಲ."

ಅಪ್ಪಿ ಫೋನನ್ನು ಕಿವಿಗೆ ಒತ್ತಿಕೊಂಡು ಅವನು ಏನಾದರೂ ಅನ್ನಲೆಂದು ಕಾದಳು.